ಕಿವಿ ಮೇಸ್ತ್ರಿ ಮತ್ತು ಅಕ್ಕನ ಕಾರಿನ ಬ್ರೇಕು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕಿವಿ ಮೇಸ್ತ್ರಿ. ಕಾರು ರಿಪೇರಿ ಮಾಡುವವರಿಗೆ ಊರಿನಲ್ಲಿ ಬರವಿರಲಿಲ್ಲ. ಆದರೆ ಗಾಡಿ ಇನ್ನೂ ಗೇಟಿನ ಹತ್ತಿರ ಇರುವಾಗಲೇ, ಸ್ಟೂಲಿನಿಂದ ಏಳದೆ, "ಮುಂದಿನ ಎಡಗಡೆ ಬೇರಿಂಗ್ ಹೋಗಿದೆ, ಅಲ್ಲೇ ನಿಲ್ಸಿ" ಎಂದು ಕೂಗುವವನು ಇವನೊಬ್ಬನೇ. ಹಾಗೆ ಕೂಗಿದ್ದು ಒಮ್ಮೊಮ್ಮೆ ತಪ್ಪಿದ್ದೂ ಇರಬಹುದು. ಜನ ಅದನ್ನು ಮರೆತು, ಸರಿಯಾದದ್ದನ್ನು ಮಾತ್ರ ಒಂದಕ್ಕೆ ಹತ್ತು ಮಾಡಿ ಹೇಳಿಕೊಂಡು ತಿರುಗಿದರು. ಹೆಸರು ಎಂಬುದು ಹುಟ್ಟುವುದೇ ಹೀಗೆ.

ಅವನ ಗ್ಯಾರೇಜು ಎಂದರೆ ತಗಡಿನ ಛಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಿಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಹಿಂದೆ ಮನೆ. ಪಕ್ಕದಲ್ಲಿ ಯಾರದೋ ಉಗ್ರಾಣದ ಉದ್ದನೆಯ ಗೋಡೆ. ಆ ಗೋಡೆಯೇ ಅವನ ಮುಖ್ಯ ಸಲಕರಣೆ. ಯಾರಾದರೂ ಸದ್ದಿನ ದೂರು ತಂದರೆ ಅವನು ಕಿಟಕಿ ಇಳಿಸಿ, ಕನ್ನಡಿ ತಾಗುತ್ತದೋ ಏನೋ ಎನ್ನುವಷ್ಟು ಗೋಡೆಗೆ ಹತ್ತಿರವಾಗಿ ಗಾಡಿ ಓಡಿಸುತ್ತಿದ್ದ. ಚಕ್ರದ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುತ್ತಿತ್ತು. ಮಾತಾಡಿದರೆ ಬೈಯುತ್ತಿದ್ದ. ಗೋಡೆ ಮುಗಿದ ಕಡೆ ಗಾಡಿ ನಿಲ್ಲಿಸಿ ತೀರ್ಪು ಹೇಳುತ್ತಿದ್ದ, ಅದರ ಮೇಲೆ ಎರಡು ಮಾತಿಲ್ಲ.

ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಸಾಯುವ ಮೊದಲು ಒಂದು ಕಟ್ಟಳೆ ಹಾಕಿ ಹೋಗಿದ್ದರು: ನಿನ್ನ ಕಿವಿಗೆ ಬೀಳದ ಸದ್ದಿಗೆ ಕೈ ಹಾಕಬೇಡ. ಗಿರಾಕಿ ಏನೋ ಸದ್ದು ಎಂದ ಕೂಡಲೇ ಇದ್ದಬದ್ದದ್ದೆಲ್ಲ ಬಿಚ್ಚಿ, ಚೆನ್ನಾಗಿರುವ ಸಾಮಾನನ್ನೂ ಬದಲಾಯಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರ ಸಾಲಿಗೆ ಶಿಷ್ಯ ಸೇರಬಾರದು ಎಂಬುದು ಗುರುವಿನ ಕಾಳಜಿ. ಶಿಷ್ಯ ಆ ಮಾತನ್ನು ಚಾಚೂ ತಪ್ಪದೆ ನಡೆಸಿದ. "ಏನೂ ಇಲ್ಲ, ಸುಮ್ನೆ ಮನೆಗೆ ಹೋಗಿ" ಎಂದು ಕೆಲಸವನ್ನೇ ಮಾಡದೆ ಕಳಿಸುವ ಮೇಸ್ತ್ರಿಯನ್ನು ಯಾರು ತಾನೇ ನಂಬುವುದಿಲ್ಲ? ಹಾಗೆ ಹೇಳುವಾಗ ಅವನ ಮುಖದ ಮೇಲೆ ಒಂದಿಷ್ಟು ಹೆಮ್ಮೆ ಇಣುಕುತ್ತಿತ್ತು. ಅದನ್ನು ಆಡಿಕೊಳ್ಳುವ ಧೈರ್ಯ ಇದ್ದದ್ದು ಅವನ ಅಕ್ಕ ಒಬ್ಬಳಿಗೆ.

ಅಕ್ಕ ವಯಸ್ಸಿನಲ್ಲಿ ಅವನಿಗಿಂತ ಸ್ವಲ್ಪ ದೊಡ್ಡವಳು, ಬಾಯಲ್ಲಿ ಬಹಳ ದೊಡ್ಡವಳು. ಪರದೆ ಹೊಲಿಯುವುದು ಅವಳ ಉದ್ಯೋಗ. ಮನೆ ಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆದು, ಹೊಲಿದು, ತಾನೇ ಒಯ್ದು, ಏಣಿ ಹತ್ತಿ ತೂಗುಹಾಕಿ ಬರುವವಳು. ಗಂಡ ತೀರಿಕೊಂಡಾಗ ಅವನ ಹಳೇ ಕಾರನ್ನು ಮಾರಿಬಿಡು ಎಂದು ನೆಂಟರೆಲ್ಲ ಬುದ್ಧಿ ಹೇಳಿದ್ದರು. ಅವಳು ಡ್ರೈವಿಂಗ್ ಕಲಿತು ಅವರ ಮನೆಗಳ ಮುಂದೆಯೇ ಹಾರ್ನ್ ಹೊಡೆದುಕೊಂಡು ಹೋದಳು. ಹಿಂದಿನ ಸೀಟು ಮಡಚಿದರೆ ಬಟ್ಟೆಯ ಸುರುಳಿಗಳು, ಸರಳು, ಉಂಗುರದ ಡಬ್ಬಿ, ಮಡಚುವ ಏಣಿ ಎಲ್ಲವೂ ಹಿಡಿಸುತ್ತಿದ್ದವು. ಏಣಿಯನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತಲು ಆಗುವುದಿಲ್ಲ. ಕಾರು ಇದ್ದರೆ ಅವಳಿಗೆ ಕೆಲಸ ಇದೆ, ಕಾರು ಇಲ್ಲದಿದ್ದರೆ ಮಗಳ ಮನೆಯ ಸೋಫಾ ಇದೆ.

ಆ ಅಕ್ಕ ಒಂದು ಬೆಳಿಗ್ಗೆ ಕಾರು ತಂದು ನಿಲ್ಲಿಸಿದಳು.

"ಬ್ರೇಕ್ ಮೆಲ್ಲಗೆ ಒತ್ತಿದ್ರೆ ಕೀ ಅನ್ನತ್ತೆ ಕಣೋ. ತೆಳ್ಳಗೆ, ಸೂಜಿ ಚುಚ್ಚಿದ ಹಾಗೆ."

ಮೇಸ್ತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಡೆಯ ಪಕ್ಕ ಓಡಿಸಿದ. ಮೆಲ್ಲಗೆ ಒತ್ತಿದ, ಜೋರಾಗಿ ಒತ್ತಿದ. ಇಂಜಿನ್ನಿನ ಗುರುಗುಟ್ಟುವಿಕೆ ಕೇಳಿಸಿತು, ಟೈರು ಜಲ್ಲಿ ತುಳಿಯುವುದು ಕೇಳಿಸಿತು, ಹಿಂದೆ ಸರಳುಗಳು ಒಂದಕ್ಕೊಂದು ತಾಗುವುದು ಕೇಳಿಸಿತು.

"ಎಲ್ಲಿ?" ಎಂದ.

"ಈಗ ಬಂತಲ್ಲ."

"ಏನು ಬಂತು?"

"ಈಗ. ತಗೋ, ಮತ್ತೆ ಬಂತು."

"ಅದು ನಿನ್ನ ಸರಳು ಅಕ್ಕ" ಎಂದು ಅವನು ಇಳಿದು ಸರಳುಗಳನ್ನೆಲ್ಲ ಹಳೇ ಬಟ್ಟೆಯಿಂದ ಬಿಗಿದು ಕಟ್ಟಿದ. ಅಕ್ಕ ಹೋದಳು. ಕೆಲವು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಕಾರನ್ನು ಪೂರ್ತಿ ಖಾಲಿ ಮಾಡಿಕೊಂಡು ಬಂದಿದ್ದಳು, ಡ್ಯಾಶ್‌ಬೋರ್ಡಿನ ಡಬ್ಬದಲ್ಲಿದ್ದ ಪೆನ್ನನ್ನೂ ಬಿಟ್ಟಿರಲಿಲ್ಲ. ಮತ್ತೆ ಗೋಡೆ, ಮತ್ತೆ ಬ್ರೇಕು. ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಇವಳು ಎಂದು ಅವನಿಗೆ ಸಿಟ್ಟು ಬಂತು. ಯಾರ ಕೈಯಲ್ಲಿ ಮೊಲ ಇತ್ತೆಂಬುದು ಆಮೇಲಿನ ಮಾತು.

"ಒಂದ್ಸಲ ಬಿಚ್ಚಿ ನೋಡಬಾರ್ದಾ?" ಎಂದಳು ಅಕ್ಕ.

"ಸದ್ದಿದ್ರೆ ತಾನೇ ಬಿಚ್ಚೋದು. ಕಣ್ಣಿನ ಆಪರೇಷನ್ ಆದಾಗಿಂದ ನಿನಗೆ ಎಲ್ಲದರ ಮೇಲೂ ಅನುಮಾನ."

"ಆಪರೇಷನ್ ಆಗಿದ್ದು ಕಣ್ಣಿಗೆ ಕಣೋ, ಕಿವಿಗಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಅದು ಅಕ್ಕ ತಮ್ಮನ ಮಾಮೂಲಿ ಜಗಳವಾಗಿ ಮುಗಿಯುತ್ತಿತ್ತು. ಆದರೆ ಬೇರೆ ಊರಿನಲ್ಲಿರುವ ಅಕ್ಕನ ಮಗಳು ಯಾವುದೋ ವಿಷಯಕ್ಕೆ ಫೋನ್ ಮಾಡಿದಾಗ ಅವನು ನಗುನಗುತ್ತಾ, "ನಿಮ್ಮಮ್ಮನಿಗೆ ಈಗೀಗ ಇಲ್ಲದ ಸದ್ದೆಲ್ಲ ಕೇಳಿಸ್ತಿದೆ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳು ಸ್ವಭಾವದಲ್ಲೇ ಅಂಜುಬುರುಕಿ. ಅಮ್ಮ ಈ ವಯಸ್ಸಿನಲ್ಲಿ ಕಾರು ಓಡಿಸುವುದು ಬೇಡ ಎಂದು ಎಷ್ಟೋ ದಿನದಿಂದ ನೆಪ ಹುಡುಕುತ್ತಿದ್ದಳು. ಇಲ್ಲದ್ದು ಕೇಳಿಸಲು ಶುರುವಾದವರಿಗೆ ನಾಳೆ ಇರುವುದು ಕಾಣಿಸದೆ ಹೋದರೆ ಏನು ಗತಿ ಎಂದು ಹಿಡಿದುಕೊಂಡಳು.

ಬೇರೆ ಯಾರಾದರೂ ಹೀಗೆಂದಿದ್ದರೆ ಅಕ್ಕ ನೀರು ಕುಡಿಸುತ್ತಿದ್ದಳು. ಆದರೆ ಹೇಳಿದವನು ಸೋದರಮಾವ, ಅದರ ಮೇಲೆ ಕಿವಿ ಮೇಸ್ತ್ರಿ. ಮಾವನೇ ಇಲ್ಲ ಎಂದ ಮೇಲೆ ಸದ್ದು ಇರುವುದಾದರೂ ಎಲ್ಲಿ? ಮಗಳು ಇದನ್ನೇ ಮತ್ತೆ ಮತ್ತೆ ಕೇಳಿದಳು. ಕೊನೆಗೆ ಆಗಬಾರದ್ದು ಆಯಿತು, ಅಕ್ಕನಿಗೆ ತನ್ನ ಮೇಲೆಯೇ ಅನುಮಾನ ಬಂತು. ಒಪ್ಪಿಕೊಂಡಳು. ಮಗಳು ಗಂಡನ ಆಫೀಸಿನಲ್ಲೇ ಒಬ್ಬ ಗಿರಾಕಿಯನ್ನು ಹುಡುಕಿದಳು. ಅವನು ಭಾನುವಾರ ಬಂದು ಕಾರು ಒಯ್ಯುವುದೆಂದು ಮಾತಾಯಿತು.

ಶನಿವಾರ ಅಕ್ಕ ಕಾರು ತಂದು ತಮ್ಮನ ಗ್ಯಾರೇಜಿನಲ್ಲಿ ಬಿಟ್ಟಳು.

"ತೊಳೆದು ಒರೆಸಿ ಇಡು. ನಾಳೆ ಬರ್ತಾರಂತೆ" ಎಂದಳು. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟಳು. ಮೇಸ್ತ್ರಿಯ ಹೆಂಡತಿ ಟೀ ಮಾಡುತ್ತೇನೆ ಎಂದರೂ ನಿಲ್ಲದೆ ನಡೆದು ಹೋದಳು. ಒಂದು ಚುಚ್ಚುಮಾತೂ ಇಲ್ಲ. ಅಕ್ಕ ಜಗಳ ಆಡದೆ ಹೋದದ್ದು ಅವನಿಗೆ ಒಂಥರಾ ಆಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾರು ಬೇರೆಯವರ ಕೈಗೆ ಹೋಗುತ್ತದೆಂದರೆ ಚಕ್ರಗಳನ್ನೆಲ್ಲ ಬಿಚ್ಚಿ ನೋಡಿ ಕೊಡುವುದು ಅವನ ಪದ್ಧತಿ. ಅದು ಸದ್ದಿನ ಕೆಲಸವಲ್ಲ, ಮರ್ಯಾದೆಯ ಕೆಲಸ. ಜಾಕ್ ಹಾಕಿ ಮುಂದಿನ ಬಲಗಡೆಯ ಚಕ್ರ ಬಿಚ್ಚಿದ. ಚಕ್ರದ ಹಿಂದಿನ ಬ್ರೇಕ್ ಡಿಸ್ಕಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದ. ಒರೆಸಿದವನ ಕೈ ಅಲ್ಲೇ ನಿಂತಿತು.

ಡಿಸ್ಕಿನ ಒಳಮೈಯಲ್ಲಿ, ಅಂಚಿಗೆ ಹತ್ತಿರ, ತೆಳ್ಳನೆಯ ಒಂದು ಗೆರೆ ಸುತ್ತಲೂ ಹೊಳೆಯುತ್ತಿತ್ತು. ಬಳೆಯಷ್ಟು ಗುಂಡಗೆ, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಅದೇನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಬ್ರೇಕ್ ಪ್ಯಾಡಿಗೆ ಉಕ್ಕಿನ ಒಂದು ಪುಟ್ಟ ನಾಲಿಗೆ ಇರುತ್ತದೆ. ಪ್ಯಾಡು ದಪ್ಪ ಇರುವ ತನಕ ಅದು ಡಿಸ್ಕಿಗೆ ತಾಗುವುದಿಲ್ಲ. ಪ್ಯಾಡು ಸವೆದು ತೆಳ್ಳಗಾದಾಗ ತಾಗಿ ಕೀ ಎಂದು ಕಿರುಚುತ್ತದೆ, ಇನ್ನು ನನ್ನನ್ನು ಬದಲಾಯಿಸಿ ಎಂದು ಹೇಳಲೆಂದೇ ಅದನ್ನು ಅಲ್ಲಿ ಇಟ್ಟಿರುವುದು. ಒಳಗಿನ ಪ್ಯಾಡು ಬಿಸ್ಕತ್ತಿನಷ್ಟೂ ಉಳಿದಿರಲಿಲ್ಲ. ಹೊರಗಿನದು ಮಾತ್ರ ದಪ್ಪಗೆ ಇತ್ತು. ಪ್ಯಾಡುಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಆಚೀಚೆ ಜಾರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಾಗಾಗಿ ಒಳಗಿನ ಪ್ಯಾಡೊಂದೇ ಅಷ್ಟೂ ಭಾರ ಹೊತ್ತು ಸವೆದಿತ್ತು.

ನಾಲಿಗೆ ಇಷ್ಟು ಆಳದ ಗೆರೆ ಕೊರೆಯಬೇಕಾದರೆ ಒಂದೆರಡು ದಿನದಲ್ಲಿ ಆಗುವ ಮಾತಲ್ಲ. ಅಕ್ಕ ಮೊದಲ ಸಲ ಬಂದಾಗಲೂ ಅದು ಕಿರುಚುತ್ತಿತ್ತು. ಎರಡನೆಯ ಸಲವೂ ಕಿರುಚುತ್ತಿತ್ತು. ಅವನು ಕಿಟಕಿ ಇಳಿಸಿ, ಗೋಡೆಗೆ ಒತ್ತಿ ಓಡಿಸುತ್ತಾ, ಆ ಕಿರುಚಾಟದ ನಡುವೆಯೇ ಕುಳಿತು ಏನೂ ಇಲ್ಲ ಎಂದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಆದರೂ ಅವನ ಮನಸ್ಸು ಕನ್ನಡಿ ಕೇಳಿತು. ಚಕ್ರವನ್ನು ಹಾಗೆಯೇ ಮತ್ತೆ ಕೂರಿಸಿ, ಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ.

ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಾ ಬಂದಳು. "ಎಲ್ಲಿಗ್ರೀ?"

"ಎಲ್ಲಿಗೂ ಇಲ್ಲ. ಗೋಡೆ ತನಕ. ಸುಮ್ನೆ ಕೂತ್ಕೋ."

ಅವನು ನಿಧಾನವಾಗಿ ಓಡಿಸಿ, ಬ್ರೇಕನ್ನು ಮೆಲ್ಲಗೆ ಒತ್ತಿದ. ಅವನಿಗೆ ಟೈರಿನ ಸದ್ದು ಕೇಳಿಸಿತು. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

"ಏನ್ರೀ ಇದು, ಹಲ್ಲೆಲ್ಲ ಜುಮ್ಮಂತಿದೆ. ಅತ್ತಿಗೆ ಇದನ್ನ ಹೆಂಗೆ ಓಡಿಸ್ತಿದ್ರು?"

ಅವನು ಗಾಡಿಯನ್ನು ಸ್ವಲ್ಪ ಮುಂದೆ ಬಿಟ್ಟ. ಇನ್ನೊಮ್ಮೆ ಒತ್ತಿದ. ಈ ಸಲ ಸದ್ದಿಗೆ ಕಾಯದೆ ಅವಳ ಮುಖ ನೋಡಿದ. ಬ್ರೇಕು ಒತ್ತಿದಾಗ ಮುಖ ಕಿವುಚಿಕೊಳ್ಳುತ್ತಿತ್ತು, ಬಿಟ್ಟಾಗ ಸಡಿಲವಾಗುತ್ತಿತ್ತು. ಅವಳೂ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಿಮಗೆ ಕೇಳಿಸ್ತಿಲ್ವಾ?"

"ಇಂಜಿನ್ ಕೇಳಿಸ್ತಿದೆ. ನೀನು ಮಾತಾಡೋದು ಕೇಳಿಸ್ತಿದೆ."

"ಇದು?"

"ಇಲ್ಲ."

ಅವಳು ಕೈಯನ್ನು ಮತ್ತೊಮ್ಮೆ ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಫೋನ್ ಬಡ್ಕೊಂಡ್ರೂ ಎತ್ತಲ್ಲ, ಸೋಮಾರಿತನ ಅಂತ ನಾನು ಬೈತಿದ್ದೆ" ಎಂದಳು. "ಮತ್ತೆ ನಿಮ್ಮ ಸೊಳ್ಳೆ."

ಸೊಳ್ಳೆಯ ವಿಷಯ ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. ನಮ್ಮ ಕೋಣೆಯಲ್ಲಿ ಸೊಳ್ಳೆಯೇ ಇಲ್ಲ, ನಿನಗೆ ಸುಮ್ಮನೆ ಭ್ರಮೆ, ನನ್ನ ರಕ್ತ ಕಹಿಯಾದ ಮೇಲೆ ಅವು ಈ ಕಡೆ ತಲೆ ಹಾಕುವುದಿಲ್ಲ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಈಗ ಅವನು ತೋಳು ಮಡಚಿ ನೋಡಿಕೊಂಡ. ಮೊಣಕೈ ಮೇಲೆ ಕೆಂಪು ಗುಳ್ಳೆಗಳು ಎದ್ದಿದ್ದವು. ಕೆರೆದುಕೊಳ್ಳುತ್ತಲೂ ಇದ್ದ, ಗ್ರೀಸಿನ ತುರಿಕೆ ಎಂದುಕೊಂಡಿದ್ದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

ಹೆಂಡತಿ ಒಳಗೆ ಹೋದ ಮೇಲೆ ಅವನು ಸ್ಟೂಲಿನ ಮೇಲೆ ಕುಳಿತ. ದಪ್ಪ ಸದ್ದುಗಳೆಲ್ಲ ಇನ್ನೂ ಕೇಳಿಸುತ್ತಿದ್ದುದರಿಂದ ತೆಳ್ಳನೆಯವು ಯಾವಾಗ ಬಿಟ್ಟುಹೋದವೆಂದು ಅವನಿಗೇ ಗೊತ್ತಾಗಿರಲಿಲ್ಲ. ಇನ್ನೆಷ್ಟು ಜನರನ್ನು ಏನೂ ಇಲ್ಲ ಎಂದು ಮನೆಗೆ ಕಳಿಸಿದ್ದೇನೋ ಎಂದು ನೆನೆದು ಹೆದರಿಕೆಯಾಯಿತು. ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಕಿವಿ ಹೋದ ಕಿವಿ ಮೇಸ್ತ್ರಿಯ ಗ್ಯಾರೇಜಿಗೆ ಯಾರು ಬರುತ್ತಾರೆ?

ದಾರಿಯೊಂದು ಸಲೀಸಾಗಿ ತೆರೆದುಕೊಂಡಿತ್ತು. ಪ್ಯಾಡು ಬದಲಾಯಿಸಿ, ತುಕ್ಕು ತೆಗೆದು, ಬಾಯಿಗೆ ಬೀಗ ಹಾಕಿಕೊಂಡರೆ ಆಯಿತು. ಗೆರೆಯನ್ನು ನೋಡಿದವನು ಅವನೊಬ್ಬನೇ. ಹೆಂಡತಿ ಹೇಳಿಕೊಂಡು ತಿರುಗುವವಳಲ್ಲ. ಯಾರಾದರೂ ಕೇಳಿದರೆ ಸದ್ದು ಈಗ ಶುರುವಾಗಿತ್ತು, ಸರಿ ಮಾಡಿದೆ ಎಂದರೆ ಮುಗಿಯಿತು. ಕಾರು ನಾಳೆ ಹೋಗುತ್ತದೆ, ಕಿವಿ ಮೇಸ್ತ್ರಿಯ ಹೆಸರು ಉಳಿಯುತ್ತದೆ. ಅಕ್ಕ ಮಾತ್ರ ಬದುಕಿರುವಷ್ಟು ದಿನ, ತನಗೆ ಇಲ್ಲದ ಸದ್ದು ಕೇಳಿಸಿತ್ತು ಎಂದುಕೊಂಡು ಮಗಳ ಸೋಫಾದ ಮೇಲೆ ಕುಳಿತಿರುತ್ತಾಳೆ. ಈ ಕೊನೆಯದು ಅವನ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಎದ್ದು ಅಕ್ಕನಿಗೆ ಫೋನ್ ಮಾಡಿ ಬಾ ಎಂದ.

ಅಕ್ಕ ಬರುವ ಹೊತ್ತಿಗೆ ಚಕ್ರ ಮತ್ತೆ ಬಿಚ್ಚಿತ್ತು. ಅವನು ಅವಳ ಕೈ ಹಿಡಿದು ಬೆರಳನ್ನು ಆ ಗೆರೆಯ ಮೇಲೆ ಇಟ್ಟ.

"ಏನಿದು?"

"ನೀನು ಕೇಳಿದ್ದು."

ಅವಳು ಗೆರೆಯ ಉದ್ದಕ್ಕೂ ಬೆರಳು ಆಡಿಸಿದಳು. "ಹಾಗಾದ್ರೆ ಇತ್ತು."

"ಇತ್ತು."

"ಮತ್ತೆ ನೀನು ಇಲ್ಲ ಅಂದೆ."

"ನನಗೆ ಕೇಳಿಸ್ಲಿಲ್ಲ ಅಕ್ಕ. ಈಗಲೂ ಕೇಳಿಸಲ್ಲ. ಇವಳನ್ನ ಕೂರಿಸ್ಕೊಂಡು ಓಡಿಸಿ ನೋಡ್ದೆ. ಕಿವಿ ಹೋಗಿದೆ."

ಅಕ್ಕ ಬಿದ್ದಿದ್ದ ಹಳೇ ಟೈರಿನ ಮೇಲೆ ಕುಳಿತಳು. ಅವಳ ಮುಖ ಮೊದಲು ಕೆಂಪಾಯಿತು.

"ನನ್ನನ್ನ ಹುಚ್ಚಿ ಮಾಡಿಬಿಟ್ಟಿದ್ದೆ ನೀನು" ಎಂದಳು. "ರಸ್ತೇಲಿ ಹೋಗೋರನ್ನೆಲ್ಲ ನಿಲ್ಸಿ, ನಿಮಗೇನಾದ್ರೂ ಕೇಳಿಸ್ತಾ ಅಂತ ಕೇಳಬೇಕು ಅನ್ನಿಸ್ತಿತ್ತು. ನಾಚಿಕೆಯಾಗಿ ಕೇಳ್ಲಿಲ್ಲ."

"ಹೌದು" ಎಂದ ಅವನು.

ಅವಳು ಇನ್ನೂ ಬೈಯುವವಳಿದ್ದಳು. ಬೈಗುಳ ತುಟಿಯವರೆಗೆ ಬಂದಿತ್ತು ಕೂಡ. ಆದರೆ ತಮ್ಮ ತಲೆ ತಗ್ಗಿಸಿ ನಿಂತದ್ದನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಸೆರಗಿನಿಂದ ಬೆರಳಿನ ಮಸಿ ಒರೆಸಿಕೊಂಡು, "ನನ್ನ ಮಗಳಿಗೆ ಫೋನ್ ಮಾಡು" ಎಂದಳು. "ನಾನು ಹೇಳಿದ್ರೆ ನಂಬಲ್ಲ. ನಿನ್ನ ಮಾತೇ ತಾನೇ ಅವಳಿಗೆ ವೇದವಾಕ್ಯ."

ಅವನು ಸ್ಪೀಕರ್ ಹಾಕಿ ಫೋನ್ ಮಾಡಿದ. ಅಕ್ಕನ ಮಗಳ ತೆಳು ದನಿ ಅರ್ಧಂಬರ್ಧ ಕೇಳುತ್ತಿತ್ತು. ಇಷ್ಟು ದಿನ ಫೋನ್ ಸರಿಯಿಲ್ಲ ಎಂದು ಬೈಯುತ್ತಿದ್ದ, ಇವತ್ತು ಫೋನಿಗೆ ಬೈಯಲಿಲ್ಲ.

"ನಾಳೆ ಅವರನ್ನ ಬರಬೇಡಿ ಅನ್ನು. ಕಾರು ಕೊಡಲ್ಲ."

"ಯಾಕೆ ಮಾವ? ನೀವೇ ಹೇಳಿದ್ರಲ್ಲ, ಅಮ್ಮನಿಗೆ ಇಲ್ಲದ ಸದ್ದು..."

"ತಪ್ಪು ಹೇಳ್ದೆ. ಸದ್ದು ನಿಜ. ಪ್ಯಾಡ್ ಸವೆದು ಡಿಸ್ಕ್ ಕೊರೀತಿತ್ತು. ನಿಮ್ಮಮ್ಮ ಓಡಿಸ್ತಾ ಓಡಿಸ್ತಾ ಅದನ್ನ ಕೇಳಿಸ್ಕೊಂಡಿದಾಳೆ. ನಾನು ಅದಕ್ಕೇ ಅಂತ ಕೂತು ಕೇಳಿದ್ರೂ ಕೇಳಿಸ್ಲಿಲ್ಲ. ಕೆಟ್ಟಿರೋದು ನನ್ನ ಕಿವಿ."

ಆಮೇಲೆ ಅವಳು, "ಮಾವ, ಹೀಗೆಲ್ಲ ಹೊರಗೆ ಹೇಳ್ಬೇಡಿ. ನಿಮ್ಮ ಕೆಲಸಕ್ಕೆ ತೊಂದ್ರೆ ಆಗತ್ತೆ" ಎಂದಳು. ಒಳ್ಳೆಯ ಹುಡುಗಿಯೇ, ಅಂಜಿಕೆಯೊಂದು ಜಾಸ್ತಿ.

"ನೀನು ಕಾರಿನ ವಿಷಯ ಅವರಿಗೆ ಹೇಳು" ಎಂದು ಅವನು ಫೋನ್ ಇಟ್ಟ.

ಆಮೇಲಿನದು ಕೈಕೆಲಸ. ಅದರಲ್ಲಿ ಅವನಿಗೆ ಯಾರ ಹಂಗೂ ಇರಲಿಲ್ಲ. ಕಚ್ಚಿಕೊಂಡಿದ್ದ ಪಿನ್ನಿಗೆ ಎಣ್ಣೆ ಬಿಟ್ಟು, ಕಾದು, ತಿರುಗಿಸಿ ತಿರುಗಿಸಿ ಎಳೆದು ತೆಗೆದ. ಉಕ್ಕಿನ ಬ್ರಷ್ಷಿನಿಂದ ಉಜ್ಜಿದ. ಬ್ರೇಕಿನ ಗ್ರೀಸನ್ನೇ ತೆಳ್ಳಗೆ ಸವರಿ, ಹರಿದಿದ್ದ ರಬ್ಬರ್ ಟೋಪಿ ಬದಲಾಯಿಸಿ, ಒಂದೇ ಬೆರಳಿನಿಂದ ತಳ್ಳಿದರೂ ಪಿನ್ನು ಜಾರುವುದನ್ನು ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಹೋದ. ಡಿಸ್ಕನ್ನು ಸಾಣೆ ಹಿಡಿಸಿದರೆ ತೆಳ್ಳಗಾಗುವಷ್ಟು ಹಳೆಯದು, ಆದ್ದರಿಂದ ಆ ಡಿಸ್ಕನ್ನೇ ತೆಗೆದು ಬೇರೆ ಹಾಕಿದ. ಎಡಗಡೆಯ ಡಿಸ್ಕು ಚೆನ್ನಾಗಿತ್ತು, ಅದನ್ನು ಹಾಗೆಯೇ ಉಳಿಸಿ ಎರಡೂ ಕಡೆ ಹೊಸ ಪ್ಯಾಡು ಕೂರಿಸಿದ. ಒಂದು ಕಡೆ ಹೊಸ ಡಿಸ್ಕು, ಇನ್ನೊಂದು ಕಡೆ ಹಳೆಯದು ಇಟ್ಟು ಅವನು ಹಿಂದೆ ಎಂದೂ ಗಾಡಿ ಕೊಟ್ಟವನಲ್ಲ. ಹಳೇ ಡಿಸ್ಕಿಗೆ ಹೊಸ ಪ್ಯಾಡು ಸರಿಯಾಗಿ ಕೂರದೆ ಒಮ್ಮೊಮ್ಮೆ ಸದ್ದು ಮಾಡುತ್ತದೆ ಎಂಬುದು ಅವನಿಗೆ ಗೊತ್ತಿದ್ದದ್ದೇ. ಅಂದು ಅವನ ತಲೆ ಅವನ ಹತ್ತಿರ ಇರಲಿಲ್ಲ. ಅಕ್ಕ ಟಾರ್ಚ್ ಹಿಡಿದಿದ್ದಳು. ಬೆಳಕು ಬೇಕಾದ ಕಡೆ ಬಿಟ್ಟು ಬೇರೆಲ್ಲ ಕಡೆ ಬೀಳುತ್ತಿತ್ತು. ಅವನು ಬೈಯಲಿಲ್ಲ. ಅವಳು, "ಸುಸ್ತಾಯ್ತೇನೋ, ಸ್ವಲ್ಪ ಟೀ ಕುಡಿ" ಎಂದಳು. ಅಕ್ಕ ಇಷ್ಟು ಮೆತ್ತಗೆ ಮಾತಾಡಿದ್ದು ಅವನಿಗೆ ಕಿವಿ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು.

ಸಂಜೆ ಅಕ್ಕನೇ ಓಡಿಸಿದಳು, ಅವನು ಪಕ್ಕದಲ್ಲಿ ಕುಳಿತ. ರಸ್ತೆಯಲ್ಲಿ ಹಲವು ಸಲ ಬ್ರೇಕು ಒತ್ತಿಸಿ ಪ್ಯಾಡು ಹೊಂದಿಕೊಳ್ಳುವಂತೆ ಮಾಡಿದ ಮೇಲೆ ಗೋಡೆಯ ಹತ್ತಿರ ಬಂದರು. ಅವಳು ವೇಗ ಇಳಿಸಿ ಮೆಲ್ಲಗೆ ಒತ್ತಿದಳು. ಅವನು ಉಸಿರು ಬಿಗಿಹಿಡಿದು ಕೇಳಿದ. ಇಂಜಿನ್ನಿನ ಸದ್ದು, ಟೈರಿನ ಸದ್ದು, ಬೇರೇನೂ ಇಲ್ಲ. ಆದರೆ ಮೊದಲೂ ಬೇರೇನೂ ಇರಲಿಲ್ಲ. ಬೆಳಗಿನಿಂದ ಮಾಡಿದ ಕೆಲಸ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅವನ ಹತ್ತಿರ ಈಗ ಏನೂ ಉಳಿದಿರಲಿಲ್ಲ. ಅಕ್ಕನ ಮುಖ ನೋಡಿದ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

"ಹೋಯ್ತಾ?" ಎಂದ. ಆ ಒಂದು ಮಾತು ಹೊರಡಲು ಬಹಳ ಕಷ್ಟಪಟ್ಟಿತು.

ಅಕ್ಕ ಬ್ರೇಕಿನಿಂದ ಕಾಲು ತೆಗೆದು ಕಾರನ್ನು ಇನ್ನೂ ಸ್ವಲ್ಪ ಮುಂದೆ ಬಿಟ್ಟಳು. ಅವನಿಗೆ ಭಯವಾಯಿತು. ಹೋಯಿತು ಎಂದು ಅವಳು ಹೇಳಿದರೆ, ಅದು ಬ್ರೇಕನ್ನು ನೋಡಿ ಹೇಳಿದ್ದೋ ತನ್ನನ್ನು ನೋಡಿ ಹೇಳಿದ್ದೋ ಎಂದು ಹೇಗೆ ತಿಳಿಯುವುದು? ಇವತ್ತು ಹೀಗೆ ಮೆತ್ತಗಾದರೆ ನಾಳೆಯಿಂದ ಯಾರನ್ನು ಕೇಳಿ ಕೆಲಸ ಮಾಡುವುದು?

ಅಕ್ಕ ಇನ್ನೊಮ್ಮೆ ಒತ್ತಿದಳು. ತಲೆ ಸ್ವಲ್ಪ ಓರೆ ಮಾಡಿದಳು.

"ಬಲಗಡೆ ಹೋಗಿದೆ. ಈಗ ಎಡಗಡೆ ಕುಂಯ್ ಅಂತಿದೆ" ಎಂದಳು. "ಇಡೀ ದಿನ ಕೂತು ಏನ್ ಮಾಡಿದ್ಯೋ ನೀನು?"

ಅವನಿಗೆ ಒಮ್ಮೆಲೇ ಜೀವ ಬಂದಂತಾಯಿತು. ಅಕ್ಕ ಸುಳ್ಳು ಹೇಳಿರಲಿಲ್ಲ, ಕನಿಕರವನ್ನೂ ತೋರಿಸಿರಲಿಲ್ಲ. ಸೀಟಿನಲ್ಲಿ ನೆಟ್ಟಗೆ ಕುಳಿತ.

"ಒತ್ತೋವಾಗ ಬರತ್ತಾ, ಬಿಡೋವಾಗಲಾ?"

"ಒತ್ತೋವಾಗ."

"ಶುರುವಲ್ಲಾ, ಕೊನೇಲಾ?"

"ಅಷ್ಟೆಲ್ಲ ನೋಡ್ಲಿಲ್ಲ."

"ಮತ್ತೇನು ಕೇಳ್ದೆ ನೀನು? ಕಾರು ಹಿಂದೆ ತಗೋ, ಮೊದಲಿಂದ ಬಾ. ಸರಿಯಾಗಿ ಕೇಳಿ ಹೇಳು, ಬಿಚ್ತೀನಿ."